ಕರೆಂಟ್ ಮಿಣುಕಿದಾಗ ಕರ್ನಲ್ ಪ್ಯಾನಿಕ್: ತೂಕದ ಡ್ರೈವರ್ ಒಳಗಿನ ಯೂಸ್-ಆಫ್ಟರ್-ಫ್ರೀ ರೇಸ್ ಹಿಡಿಯೋದು ಹೆಂಗ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್ಲಿನ ವೇ-ಬ್ರಿಜ್ ರೂಮಿನಾಗ ಇರೋ ಲಿನಕ್ಸ್ ಪಿಸಿ ನೋಡ್ಕೊಳ್ಳೋರಿಗೆ ಈ ಲಕ್ಷಣ ಗುರುತು ಸಿಗ್ತೈತಿ. ಸುಗ್ಗಿ ಟೈಮ್, ಹೊರಗ ಭತ್ತದ ಟ್ರ್ಯಾಕ್ಟರ್ ಸಾಲು ನಿಂತಿರ್ತೈತಿ, ಮಿಲ್ಲಿನ ದೊಡ್ಡ ಮೋಟರ್ ಸ್ಟಾರ್ಟ್ ಮಾಡಿದ ಕೂಡ್ಲೆ ವೋಲ್ಟೇಜ್ ಕುಸಿದು ಲೈಟ್ ಒಮ್ಮೆ ಮಿಣುಕ್ತೈತಿ, ಪಿಸಿ ಯುಪಿಎಸ್ ಮ್ಯಾಲ ಐತಿ ಅದಕ್ಕೇನೂ ಆಗಂಗಿಲ್ಲ, ಆದ್ರ ತೂಕದ ಇಂಡಿಕೇಟರ್ ಮತ್ತ ಅದರ ಯುಎಸ್‌ಬಿ ಕನ್ವರ್ಟರ್ ಬ್ಯಾರೆ ಲೈನಿನ್ಯಾಗ ಇರೋದ್ರಿಂದ ಅವು ಆಫ್ ಆಗಿ ಮತ್ತ ಆನ್ ಆಗ್ತಾವ. ಬಹಳಷ್ಟು ಸಲ ಏನೂ ಆಗಂಗಿಲ್ಲ. ಕೆಲವೊಮ್ಮೆ ಪಿಸಿ ಪೂರಾ ಫ್ರೀಜ್. ಇನ್ನ ಕೆಲವೊಮ್ಮೆ ಆ ಕ್ಷಣಕ್ಕ ಎಲ್ಲಾ ಸರಿ ಇದ್ದು, ಎಷ್ಟೋ ಹೊತ್ತಿನ ಮ್ಯಾಲ ಪ್ರಿಂಟರ್ ಕೋಡಿನ್ಯಾಗೋ ಫೈಲ್ ಸಿಸ್ಟಮ್ ಕೋಡಿನ್ಯಾಗೋ ಊಪ್ಸ್ (ಲಿನಕ್ಸಿನ ತಿರುಳಾದ ಕರ್ನಲ್ ತನ್ನೊಳಗ ತಪ್ಪು ಆದಾಗ ಬರಿಯೋ ರಿಪೋರ್ಟ್) ಬರ್ತೈತಿ, ಅದಕ್ಕೂ ತೂಕಕ್ಕೂ ಸಂಬಂಧ ಐತಿ ಅಂತ ಯಾರಿಗೂ ಅನ್ಸಂಗಿಲ್ಲ.

ಇಂಥದ್ದು ಬಂದಾಗ ಎಲ್ರೂ ಮೊದ್ಲು ಹೇಳೋದು ರ‍್ಯಾಮ್ ಹೋಗೈತಿ, ಇಲ್ಲಾ ತೌಡಿನ ಧೂಳು ಹೊಕ್ಕೈತಿ, ಬಿಸಿಲಿಗೆ ಬೋರ್ಡ್ ಕೈಕೊಟ್ಟೈತಿ ಅಂತ. ನಮ್ಮ ಕಡೆ ಬ್ಯಾಸಿಗಿ ಬಿಸಿಲು ನೋಡಿದ್ರ ಆ ಅನುಮಾನ ಬರೋದು ತಪ್ಪಲ್ಲ, ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ ನೋಡ್ರಿ. ಅದು ಕ್ಲೀನ್ ಬಂದು, ಪ್ರತಿ ಕ್ರ್ಯಾಶಿಗಿಂತ ಮುಂಚೆ ಲಾಗಿನ್ಯಾಗ ಎಲ್ಲೋ ಒಂದು ಕಡೆ "ಯುಎಸ್‌ಬಿ ಡಿಸ್‌ಕನೆಕ್ಟ್" ಅನ್ನೋ ಸಾಲು ಇದ್ರ, ರ‍್ಯಾಮ್ ಬದಲ್ಸೋದು ಬಿಟ್ಟು ಡ್ರೈವರ್ ಕಡೆ, ಅಂದ್ರ ಇಂಡಿಕೇಟರ್ ಜೊತಿ ಮಾತಾಡೋ ಕರ್ನಲ್ ಭಾಗದ ಕಡೆ ತಿರಗ್ರಿ. ಅನುಮಾನ ಯೂಸ್-ಆಫ್ಟರ್-ಫ್ರೀ ಮ್ಯಾಲ, ಅಂದ್ರ ವಾಪಸ್ ಬಿಟ್ಟುಕೊಟ್ಟ (ಫ್ರೀ ಮಾಡಿದ) ಮೆಮೊರಿಯನ್ನ ಡ್ರೈವರ್ ಮತ್ತ ಬಳಸೋದು. ಎರಡು ಕೆಲಸ ಒಂದ ಹೊತ್ತಿಗೆ ಓಡಿ, ಯಾವುದು ಮೊದ್ಲು ಮುಗೀತೈತಿ ಅನ್ನೋದರ ಮ್ಯಾಲ ಅದು ನಿಂತಿದ್ರ ಅದನ್ನ ರೇಸ್ ಅಂತಾರ, ಅದಕ್ಕ ಕೆಲವೊಮ್ಮೆ ಮಾತ್ರ ಕಾಣ್ತೈತಿ.

ಇದನ್ನ ಇಷ್ಟು ಉದ್ದ ಬರಿಯಾಕ ಒಂದು ಕಾರಣ ಐತಿ. ಪಿಸಿ ಹ್ಯಾಂಗ್ ಆದ್ರ ರೀಸ್ಟಾರ್ಟ್ ಮಾಡಿದ್ರಾತು, ರೈತ ಸ್ವಲ್ಪ ಕಾಯ್ತಾನ ಅಷ್ಟ. ಆದ್ರ ಬಿಟ್ಟುಕೊಟ್ಟ ಮೆಮೊರಿಯಿಂದ ಡ್ರೈವರ್ ತೂಕ ಓದ್ತಿದ್ರ ಅಲ್ಲಿ ಬರೋ ಅಂಕಿ ಯಾವುದರದ್ದು ಅಂತ ಯಾರೂ ಗ್ಯಾರಂಟಿ ಕೊಡಾಕ ಆಗಂಗಿಲ್ಲ, ಸ್ಲಿಪ್ಪಿನ ಮ್ಯಾಲ ತಪ್ಪು ತೂಕ ಪ್ರಿಂಟ್ ಆಗಬಹುದು, 75 ಕೆಜಿ ಚೀಲದ ಲೆಕ್ಕದಾಗ ರೊಕ್ಕ ತಗೊಳ್ಳೋ ಮನಷ್ಯಾಗ ಅದು ಗೊತ್ತೂ ಆಗಂಗಿಲ್ಲ. ಹಂಗಾಗಿ ಕ್ರ್ಯಾಶ್ ನಿಂತ್ರ ಸಾಕು ಅನ್ನೋದು ಇಲ್ಲಿ ನಡಿಯಂಗಿಲ್ಲ, ಮೂಲಕ್ಕ ಹೋಗಬೇಕು.

ಮೊದ್ಲು ಲಾಗ್ ಕೈಗೆ ಸಿಗಂಗ ಮಾಡ್ರಿ

ಪ್ಯಾನಿಕ್ ಆದಾಗ, ಅಂದ್ರ ಕರ್ನಲ್ ಮುಂದ ಓಡಾಕ ಆಗದ ನಿಂತಾಗ, ಸ್ಕ್ರೀನಿನ ಮ್ಯಾಲ ಕಾಣೋದು ಕೊನೀ ಭಾಗ ಅಷ್ಟ, ನಮಗ ಬೇಕಾದ್ದು ಮ್ಯಾಲ ಹೋಗಿಬಿಟ್ಟಿರ್ತೈತಿ, ಡಿಸ್ಕಿಗೆ ಬರಿಯಾಕ ಆ ಹೊತ್ತಿನ್ಯಾಗ ಟೈಮೂ ಇರಂಗಿಲ್ಲ. ಯುಇಎಫ್‌ಐ ಇರೋ ಪಿಸಿ ಆದ್ರ ಪಿಸ್ಟೋರ್ ಚಾಲೂ ಐತೇನು ನೋಡ್ರಿ, ಊಪ್ಸ್ ಟೆಕ್ಸ್ಟನ್ನ ಅದು ಫರ್ಮ್‌ವೇರ್ ಮೆಮೊರಿಯಾಗ ಇಟ್ಟು ಮುಂದಿನ ಬೂಟಿಗೆ ಕೊಡ್ತೈತಿ. ಅಕೌಂಟ್ ಸೆಕ್ಷನ್ನಿನ್ಯಾಗ ಇನ್ನೊಂದು ಪಿಸಿ ಅದ ನೆಟ್‌ವರ್ಕಿನ್ಯಾಗ ಇದ್ರ ನೆಟ್‌ಕನ್ಸೋಲ್ ಇನ್ನೂ ಸಲೀಸು, ಕರ್ನಲ್ ಮೆಸೇಜೆಲ್ಲ ಯುಡಿಪಿ ಮ್ಯಾಲ ಅಲ್ಲಿಗೆ ಹೋಗ್ತಾವ, ಅಲ್ಲಿ ನೆಟ್‌ಕ್ಯಾಟ್ ಹಚ್ಚಿ ಫೈಲಿಗೆ ಹಾಕ್ಕೊಂಡ್ರಾತು. ಪೂರಾ ಮೆಮೊರಿ ಡಂಪ್ ಬೇಕಂದ್ರ ಕೆಡಂಪ್ ಐತಿ, ಆದ್ರ ಈ ಕೆಲಸಕ್ಕ ಬಹಳ ಸಲ ಅಷ್ಟು ಬೇಕಾಗಂಗಿಲ್ಲ.

ಜೊತಿಗೆ "ಪ್ಯಾನಿಕ್ ಆನ್ ಊಪ್ಸ್" ಆನ್ ಮಾಡ್ರಿ. ಒಂದು ಊಪ್ಸ್ ಆದ ಮ್ಯಾಲ ಓಡ್ತಿರೋ ಕರ್ನಲ್ ಮ್ಯಾಲ ಭರವಸೆ ಇಡಾಕ ಆಗಂಗಿಲ್ಲ, ಎರಡನೇ ಮೂರನೇ ಊಪ್ಸ್ ಎಲ್ಲಾ ಮೊದಲನೇದರ ಪರಿಣಾಮ ಇರಬಹುದು, ಅವನ್ನ ಹಿಡ್ಕೊಂಡು ಕುಂತ್ರ ದಿನ ಹಾಳು. ಊಪ್ಸ್ ರಿಪೋರ್ಟಿನ ಟೇಂಟೆಡ್ ಅನ್ನೋ ಸಾಲಿನ್ಯಾಗ "ಡಿ" ಅಕ್ಷರ ಇದ್ರ ಇದಕ್ಕಿಂತ ಮುಂಚೆನ ಒಂದು ಊಪ್ಸ್ ಆಗೈತಿ ಅಂತ ಅರ್ಥ, ಹಿಂದಿನದನ್ನ ಹುಡುಕ್ರಿ. "ಓ" ಇದ್ರ ಹೊರಗಿನ ಮಾಡ್ಯೂಲ್ ಲೋಡ್ ಆಗೈತಿ ಅಂತ, ನಮ್ಮ ಕೇಸಿನ್ಯಾಗ ಅದು ಇದ್ದ ಇರ್ತೈತಿ, ಯಾಕಂದ್ರ ಇಂಡಿಕೇಟರ್ ಜೊತಿಗೆ ಮಾರಿದವ್ರು ಕೊಟ್ಟ ಡ್ರೈವರ್ ಮೇನ್‌ಲೈನ್ ಕರ್ನಲ್ಲಿನ್ಯಾಗ ಇಲ್ಲ, ಸೋರ್ಸ್ ಕೊಟ್ಟಿರ್ತಾರ, ನಾವು ಬಿಲ್ಡ್ ಮಾಡ್ಕೊಂಡು ಹಾಕ್ಕೊಂಡಿರ್ತೀವಿ.

ಮರುಬಿಲ್ಡ್ ಇಲ್ಲದ ಮೊದಲ ಪರೀಕ್ಷೆ

ಮಿಲ್ಲಿನ ಪಿಸಿಗೆ ಹೊಸಾ ಕರ್ನಲ್ ಹಾಕಾಕ ಮಾಲಕ್ರು ಒಪ್ಪಂಗಿಲ್ಲ, ಅದೂ ಸುಗ್ಗಿಯಾಗ. ಚಿಂತಿ ಇಲ್ಲ, ಹೆಚ್ಚಿನ ಡಿಸ್ಟ್ರೋ ಕರ್ನಲ್‌ಗಳಾಗ ಸ್ಲಬ್ ಡೀಬಗ್ (ಮೆಮೊರಿ ಹಂಚೋ ಭಾಗದ ತಪಾಸಣಿ) ಒಳಗ ಇದ್ದ ಇರ್ತೈತಿ, ಬೂಟ್ ಲೈನಿಗೆ "ಸ್ಲಬ್ ಡೀಬಗ್" ಆಯ್ಕೆ ಕೊಟ್ಟು ಎಫ್, ಝೆಡ್, ಪಿ, ಯು ಅನ್ನೋ ನಾಲ್ಕು ಅಕ್ಷರ ಹಾಕಿದ್ರ ಸಾಕು. ಎಫ್ ಅಂದ್ರ ಚೆಕ್ಕಿಂಗ್, ಝೆಡ್ ಅಂದ್ರ ಆಬ್ಜೆಕ್ಟಿನ ಅಂಚಿಗೆ ರೆಡ್‌ಝೋನ್, ಪಿ ಅಂದ್ರ ಪಾಯ್ಸನ್, ಯು ಅಂದ್ರ ಯಾರು ತಗೊಂಡ್ರು ಯಾರು ಬಿಟ್ರು ಅನ್ನೋ ದಾಖಲೆ. ಎಲ್ಲಾ ಕ್ಯಾಶಿಗೂ (ಒಂದೊಂದು ಸೈಜಿನ ಮೆಮೊರಿ ತುಂಡುಗಳ ಗುಂಪಿಗೂ) ಹಾಕಿದ್ರ ಸಿಸ್ಟಮ್ ನಿಧಾನ ಆಗ್ತೈತಿ, ಅದಕ್ಕ ಡ್ರೈವರಿನ ಸ್ಟ್ರಕ್ಟ್ (ಡ್ರೈವರ್ ತನ್ನ ಮಾಹಿತಿ ಇಟ್ಕೊಳ್ಳೋ ಮೆಮೊರಿ ತುಂಡು) ಎಷ್ಟು ಬೈಟ್ ಐತಿ ನೋಡಿ ಆ ಸೈಜಿನ ಕ್ಯಾಶಿಗೆ ಮಾತ್ರ, ಉದಾಹರಣೆಗೆ ಕೆಮ್ಯಾಲಾಕ್-512 ಅಂತ ಹೆಸರು ಹೇಳಿ ಹಾಕ್ರಿ.

ಈಗ ಏನಾಗ್ತೈತಿ ಅಂದ್ರ, ಬಿಟ್ಟುಕೊಟ್ಟ ಮೆಮೊರಿಯನ್ನ ಕರ್ನಲ್ 6ಬಿ ಅನ್ನೋ ಬೈಟಿನಿಂದ ತುಂಬ್ತೈತಿ, ಕೊನೀ ಬೈಟ್ ಎ5. ಅದಾದ ಮ್ಯಾಲ ಯಾರಾದ್ರೂ ಅಲ್ಲಿಂದ ಪಾಯಿಂಟರ್ ಓದಿ ಬಳಸಿದ್ರ ಊಪ್ಸಿನ್ಯಾಗ 6ಬಿ6ಬಿ6ಬಿ6ಬಿ ಅಂತ ಸಾಲು ಸಾಲಾಗಿ ಕಾಣ್ತೈತಿ, 64 ಬಿಟ್ ಇಂಟೆಲ್/ಎಎಮ್‌ಡಿ ಮಷೀನಿನ್ಯಾಗ "ಜನರಲ್ ಪ್ರೊಟೆಕ್ಷನ್ ಫಾಲ್ಟ್, ನಾನ್-ಕೆನಾನಿಕಲ್ ಅಡ್ರೆಸ್" ಅಂತ ಬರ್ತೈತಿ. ಕೊನೀ ಎರಡು ಅಂಕಿ ಸ್ವಲ್ಪ ಬ್ಯಾರೆ ಇದ್ರ ಗಾಬರಿ ಆಗಬ್ಯಾಡ್ರಿ, ಅದು ಸ್ಟ್ರಕ್ಟ್ ಒಳಗಿನ ಆಫ್‌ಸೆಟ್ ಕೂಡಿದ್ದು. ಓದೋ ಬದ್ಲಿ ಯಾರಾದ್ರೂ ಅಲ್ಲಿ ಏನಾದ್ರೂ ಬರೆದಿದ್ರ "ಪಾಯ್ಸನ್ ಓವರ್‌ರಿಟನ್" ಅಂತ ರಿಪೋರ್ಟ್ ಬಂದು, ಕೆಳಗ ಯಾರು ಅಲೊಕೇಟ್ ಮಾಡಿದ್ರು ಯಾರು ಫ್ರೀ ಮಾಡಿದ್ರು ಅನ್ನೋದು ಇರ್ತೈತಿ. ಈ 6ಬಿ ಕಂಡ್ರ ಹಾರ್ಡ್‌ವೇರ್ ಅನುಮಾನ ಅಲ್ಲಿಗೆ ಮುಗೀತು. ಕೆಟ್ಟ ರ‍್ಯಾಮ್ ಹಿಂಗ ಅಚ್ಚುಕಟ್ಟಾಗಿ ಬರಿಯಂಗಿಲ್ಲ.

ಇನ್ನೊಂದು ಸಣ್ಣ ಪರೀಕ್ಷೆ: ಬೂಟಿನ್ಯಾಗ ಮ್ಯಾಕ್ಸ್ ಸಿಪಿಯು 1 ಅಂತ ಕೊಟ್ಟು ಓಡಿಸಿ ನೋಡ್ರಿ. ಕ್ರ್ಯಾಶ್ ಭಾಳ ಕಡಿಮಿ ಆದ್ರ ಎರಡು ಕೋರಿನ ನಡುವೆ ರೇಸ್ ಐತಿ ಅನ್ನೋದಕ್ಕ ಒಳ್ಳೆ ಸುಳಿವು. ಪೂರಾ ನಿಲ್ಲದಿದ್ರ ಅದೂ ಸುಳಿವ, ಯಾಕಂತ ಮುಂದ ಹೇಳ್ತೀನಿ.

ಕಾಸಾನ್ ಹೇಳೋ ಮೂರು ಸ್ಟ್ಯಾಕ್

ಖಾತ್ರಿಗೆ ಮನ್ಯಾಗೋ ಅಂಗಡ್ಯಾಗೋ ಒಂದು ಟೆಸ್ಟ್ ಪಿಸಿ ಇಟ್ಕೊಂಡು ಕಾಸಾನ್ (ಕರ್ನಲ್ ಒಳಗಿನ ಮೆಮೊರಿ ತಪ್ಪು ಹಿಡಿಯೋ ಟೂಲ್) ಹಾಕಿದ ಕರ್ನಲ್ ಬಿಲ್ಡ್ ಮಾಡ್ರಿ. 2015ರಾಗ 4.0 ಕರ್ನಲ್ಲಿಗೆ ಬಂದ ಈ ಟೂಲ್ ಇಲ್ಲದಾಗ ಇಂಥ ದೋಷ ಹಿಡಿಯೋದು ಎಷ್ಟು ಕಷ್ಟ ಇತ್ತು ಅಂತ ನೆನಸ್ಕೊಂಡ್ರ, ಇದನ್ನ ಬರದವ್ರಿಗೆ ಕೈ ಮುಗೀಬೇಕು ಅನ್ಸತೈತಿ. ಜನರಿಕ್ ಮೋಡಿನ್ಯಾಗ ಪ್ರತಿ 8 ಬೈಟ್ ಮೆಮೊರಿಗೆ 1 ಬೈಟ್ ಶ್ಯಾಡೋ ಇಟ್ಟು, ಪ್ರತಿ ಓದು ಬರಹಕ್ಕೂ ಮೊದ್ಲು ಆ ಜಾಗ ಈಗ ಜೀವಂತ ಐತೋ ಇಲ್ಲೋ ಅಂತ ನೋಡ್ತೈತಿ. ರ‍್ಯಾಮಿನ ಎಂಟನೇ ಒಂದು ಭಾಗ ಅದಕ್ಕ ಹೋಗ್ತೈತಿ, ವೇಗಾನೂ ಬಹಳ ಕಡಿಮಿ ಆಗ್ತೈತಿ, ಹಂಗಾಗಿ ಮಿಲ್ಲಿನ ಪಿಸಿಗೆ ಇದು ಬ್ಯಾಡ. ಅಲ್ಲಿಗೆ ಕೆಫೆನ್ಸ್ ಐತಿ, 5.12ರಿಂದ, ಅದು ಎಲ್ಲಾ ಅಲೊಕೇಶನ್ ನೋಡಂಗಿಲ್ಲ, ಆಗಾಗ ಒಂದೊಂದನ್ನ ಆರಿಸಿ ಕಾಯ್ತೈತಿ, ಹಗುರ, ಆದ್ರ ನಮ್ಮ ಆಬ್ಜೆಕ್ಟ್ ಅದರ ಕಣ್ಣಿಗೆ ಬೀಳೋವರ್ಗೂ ತಾಳ್ಮಿ ಬೇಕು.

ಡ್ರೈವರ್ ಮಾಡ್ಯೂಲನ್ನೂ ಅದ ಕರ್ನಲ್ ಟ್ರೀ ಮ್ಯಾಲ ಮರುಬಿಲ್ಡ್ ಮಾಡ್ರಿ, ಇಲ್ಲಂದ್ರ ಅದರೊಳಗಿನ ಓದು ಬರಹಕ್ಕ ಚೆಕ್ ಬೀಳಂಗಿಲ್ಲ. ಡೀಬಗ್ ಆಬ್ಜೆಕ್ಟ್ಸ್‌ನ ಟೈಮರ್, ವರ್ಕ್ ಮತ್ತ ಫ್ರೀ ಆಯ್ಕೆ ಮೂರೂ (ಇನ್ನೂ ಬಳಕಿಯಾಗಿರೋ ಟೈಮರ್, ವರ್ಕ್ ಫ್ರೀ ಆದ್ರ ಹೇಳ್ತಾವ; ವರ್ಕ್ ಅಂದ್ರ ಆಮ್ಯಾಲ ಮಾಡಾಕ ಇಟ್ಟ ಕೆಲಸ), ಲಾಕ್ ಹಿಡಿಯೋ ಕ್ರಮ ತಪ್ಪಿದ್ರ ಹೇಳೋ ಲಾಕ್‌ಡೆಪ್ಪೂ ಆನ್ ಮಾಡ್ರಿ. ಕಾಸಾನ್ ಸುಮ್ನಿದ್ರ ಮೊದಲನೇ ರಿಪೋರ್ಟ್ ಕೊಟ್ಟು ನಿಲ್ತೈತಿ, "ಕಾಸಾನ್ ಮಲ್ಟಿ ಶಾಟ್" ಅಂತ ಬೂಟಿಗೆ ಕೊಟ್ರ ಮುಂದಿನವೂ ಬರ್ತಾವ.

ಇನ್ನ ರಿಪೋರ್ಟ್ ಓದೋದು. ಅದರಾಗ ಮೂರು ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನ ಕರೀತು ಅನ್ನೋ ಪಟ್ಟಿ) ಇರ್ತಾವ: ತಪ್ಪು ಜಾಗ ಮುಟ್ಟಿದವ್ರು, ಅದನ್ನ ಅಲೊಕೇಟ್ ಮಾಡಿದವ್ರು, ಫ್ರೀ ಮಾಡಿದವ್ರು. ಬಹಳ ಮಂದಿ ಮೊದಲನೇದು ನೋಡಿ ಅಲ್ಲೇ ಒಂದು ಇಫ್ ಹಾಕಿ ಮುಗಿಸ್ತಾರ. ನೋಡಬೇಕಾದ್ದು ಮೂರನೇದು, ಫ್ರೀ ಮಾಡಿದವ್ರದ್ದು. ನಮ್ಮ ತೂಕದ ಡ್ರೈವರಿನ್ಯಾಗ ಮೊದಲನೇ ಸ್ಟ್ಯಾಕ್ ಟೈಮರ್ ಕಾಲ್‌ಬ್ಯಾಕಿನದು (ಟೈಮ್ ಆದಾಗ ಓಡೋ ಫಂಕ್ಷನ್), ಮೂರನೇದು ಕೆವರ್ಕರ್ (ಕರ್ನಲ್ಲಿನ ಹಿನ್ನೆಲೆ ಕೆಲಸ ಮಾಡೋದು) ಒಳಗಿನ ಹಬ್ ಈವೆಂಟ್, ಅಲ್ಲಿಂದ ಯುಎಸ್‌ಬಿ ಡಿಸ್‌ಕನೆಕ್ಟ್, ಅಲ್ಲಿಂದ ಡ್ರೈವರಿನ ಸ್ವಂತ ಡಿಸ್‌ಕನೆಕ್ಟ್, ಅದರ ತುದಿಗೆ ಮೆಮೊರಿ ಬಿಡೋ ಕೆಫ್ರೀ. ಎರಡನ್ನೂ ಎದುರುಬದುರು ಇಟ್ಟು ನೋಡಿದ್ರ ಕಥಿ ತಾನಾಗೇ ಕಾಣ್ತೈತಿ. ಸಾಲಿನ ನಂಬರ್ ಬೇಕಂದ್ರ ಕರ್ನಲ್ ಸೋರ್ಸಿನ ಸ್ಕ್ರಿಪ್ಟ್ಸ್ ಫೋಲ್ಡರಿನ್ಯಾಗ ಡಿಕೋಡ್ ಸ್ಟ್ಯಾಕ್‌ಟ್ರೇಸ್ ಅಂತ ಐತಿ, ಡೀಬಗ್ ಇನ್ಫೋ ಸಮೇತ ಬಿಲ್ಡ್ ಮಾಡಿದ್ರ ಫೈಲು ಸಾಲು ಎಲ್ಲಾ ಹೇಳ್ತೈತಿ.

ಒಳಗ ಏನ ನಡೀತಿತ್ತು

ಡ್ರೈವರ್ ಪ್ರತಿ 200 ಮಿಲಿಸೆಕೆಂಡಿಗೊಮ್ಮೆ ಟೈಮರ್ ಹಚ್ಚಿ ಇಂಡಿಕೇಟರಿಗೆ ತೂಕ ಕೇಳ್ತೈತಿ. ಟೈಮರ್ ಕಾಲ್‌ಬ್ಯಾಕ್ ಒಂದು ಯುಆರ್‌ಬಿ (ಯುಎಸ್‌ಬಿ ಡಿವೈಸಿಗೆ ಹೋಗೋ ಕೋರಿಕಿ) ಕಳಸ್ತೈತಿ, ಉತ್ತರ ಬಂದಾಗ ಕಂಪ್ಲೀಶನ್ ಹ್ಯಾಂಡ್ಲರ್ ತೂಕ ಕಾಪಿ ಮಾಡಿ ಟೈಮರನ್ನ ಮತ್ತ ಹಚ್ತೈತಿ. ಅಂದ್ರ ಇದು ಅದನ್ನ ಎಬ್ಬಿಸ್ತೈತಿ, ಅದು ಇದನ್ನ ಎಬ್ಬಿಸ್ತೈತಿ. ಈಗ ಕರೆಂಟ್ ಮಿಣುಕಿತು, ಕೋರ್ 1ರಾಗ ಡಿಸ್‌ಕನೆಕ್ಟ್ ಓಡ್ತು, ಅದು ಟೈಮರನ್ನ ಡಿಲೀಟ್ ಮಾಡ್ತು ಆದ್ರ ಸಿಂಕ್ ಇಲ್ಲದ ಡಿಲೀಟ್, ಅಂದ್ರ ಕ್ಯೂದಾಗಿಂದ ತೆಗೀತು ಅಷ್ಟ, ಅದ ಹೊತ್ತಿಗೆ ಕೋರ್ 0ರಾಗ ಕಾಲ್‌ಬ್ಯಾಕ್ ಅರ್ಧಕ್ಕ ಓಡ್ತಿದ್ರ ಅದು ಮುಗಿಯೋವರ್ಗೂ ಕಾಯಂಗಿಲ್ಲ, ಕೂಡ್ಲೆ ಕೆಫ್ರೀ ಮಾಡಿ ಹೋಗ್ತು. ಕೋರ್ 0ರ ಕೈಯಾಗ ಹಳೇ ಪಾಯಿಂಟರ್ ಉಳೀತು. ಗೋಡೌನ್ ಖಾಲಿ ಮಾಡಿಸಿ ಬ್ಯಾರೆ ದಲಾಲಿಗೆ ಬಾಡಿಗಿ ಕೊಟ್ಟ ಮ್ಯಾಲೂ ಹಳೇ ಬೀಗದಕೈ ಇಟ್ಕೊಂಡಿದ್ದ ಹಮಾಲ ಬಂದು ಅವ್ರ ಮಾಲಿನ ಮ್ಯಾಲ ತನ್ನ ಚೀಲ ಇಳಿಸಿದಂಗ. ಆ ಜಾಗ ಅಷ್ಟೊತ್ತಿಗೆ ಪ್ರಿಂಟರ್ ಕೋಡಿಗೆ ಸಿಕ್ಕಿದ್ರ ಊಪ್ಸ್ ಪ್ರಿಂಟರಿನದು, ಫೈಲ್ ಸಿಸ್ಟಮ್ಮಿಗೆ ಸಿಕ್ಕಿದ್ರ ಊಪ್ಸ್ ಅದರದ್ದು.

ಒಂದು ಕೋರ್ ಇಟ್ರೂ ಪೂರಾ ನಿಲ್ಲಂಗಿಲ್ಲ ಅಂದಿದ್ನಲ್ಲ, ಅದು ಎರಡನೇ ದೋಷ, ಇದರ ಪಕ್ಕದಾಗ ಕುಂತಿರ್ತೈತಿ. ಬಿಲ್ಲಿಂಗ್ ಸಾಫ್ಟ್‌ವೇರ್ ಡಿವೈಸ್ ಫೈಲ್ ಓಪನ್ ಮಾಡ್ಕೊಂಡು ಓದ್ತಾ ನಿದ್ದಿ ಹೊಡೀತಿರ್ತೈತಿ, ಅದು ಮಲಗಿರೋ ವೇಟ್ ಕ್ಯೂ ಡ್ರೈವರಿನ ಸ್ಟ್ರಕ್ಟ್ ಒಳಗ ಐತಿ. ಡಿಸ್‌ಕನೆಕ್ಟ್ ಆ ಸ್ಟ್ರಕ್ಟನ್ನ ಫ್ರೀ ಮಾಡ್ತು. ಆಮ್ಯಾಲ ಯಾವಾಗೋ ಆ ಸಾಫ್ಟ್‌ವೇರ್ ಎದ್ದಾಗ ಇಲ್ಲಾ ಫೈಲ್ ಕ್ಲೋಸ್ ಮಾಡಿದಾಗ, ಸತ್ತ ಸ್ಟ್ರಕ್ಟಿನ ಮ್ಯೂಟೆಕ್ಸ್ (ಒಂದು ಬಗೆಯ ಲಾಕ್) ಮುಟ್ತೈತಿ. ಡೆವ್‌ಎಮ್ ಬಳಸಿ ಅಲೊಕೇಟ್ ಮಾಡಿದ್ರೂ ಇದ ಗತಿ, ಯಾಕಂದ್ರ ಡೆವ್‌ಎಮ್ ಮೆಮೊರಿ ಡ್ರೈವರ್ ಕಳಚಿಕೊಂಡ ಕೂಡ್ಲೆ ತಾನಾಗೇ ಫ್ರೀ ಆಗ್ತೈತಿ, ಯಾರ ಫೈಲ್ ಓಪನ್ ಐತಿ ಅಂತ ಅದು ಕೇಳಂಗಿಲ್ಲ. ತಾನಾಗೇ ಕ್ಲೀನ್ ಆಗ್ತೈತಿ ಅನ್ನೋ ಅನುಕೂಲಕ್ಕ ಜನ ಡೆವ್‌ಎಮ್ ಹಾಕ್ತಾರ, ಹಿಂಗ ಫೈಲಿನಂಗ ಓಪನ್ ಮಾಡೋ ಕ್ಯಾರೆಕ್ಟರ್ ಡಿವೈಸ್ ಇರೋ ಡ್ರೈವರಿನ್ಯಾಗ ಅದು ಅಪಾಯ.

ಬೇಕಂದಾಗ ಬರಂಗ ಮಾಡೋದು

ಮೋಟರ್ ಸ್ಟಾರ್ಟ್ ಆಗೋದನ್ನ ಕಾಯ್ತಾ ಕುಂದ್ರಬ್ಯಾಡ್ರಿ, ಪ್ಲಗ್ ಕಿತ್ತು ಹಾಕಿ ಸಾಕೆಟ್ಟೂ ಹಾಳು ಮಾಡಬ್ಯಾಡ್ರಿ. ಸಿಸ್‌ಎಫ್‌ಎಸ್ (ಕರ್ನಲ್ ತನ್ನ ಡಿವೈಸ್, ಡ್ರೈವರ್ ಎಲ್ಲಾ ಫೈಲಿನಂಗ ತೋರಿಸೋ ಜಾಗ) ಒಳಗ ಆ ಡ್ರೈವರಿನ ಫೋಲ್ಡರಿನ್ಯಾಗ ಅನ್‌ಬೈಂಡ್, ಬೈಂಡ್ ಅಂತ ಎರಡು ಫೈಲ್ ಇರ್ತಾವ, ಅವುಗಳಿಗೆ ಇಂಟರ್‌ಫೇಸ್ ಹೆಸರು ಬರೆದ್ರ ಡಿಸ್‌ಕನೆಕ್ಟ್ ಮತ್ತ ಪ್ರೋಬ್ (ಡಿವೈಸ್ ಸಿಕ್ಕಾಗ ಓಡೋ ಫಂಕ್ಷನ್) ಓಡ್ತಾವ. ಒಂದು ಶೆಲ್ ಲೂಪಿನ್ಯಾಗ ಇದನ್ನ ತಿರುಗಿಸಿ, ಇನ್ನೊಂದರಾಗ ಡಿವೈಸ್ ಓಪನ್, ಓದು, ಕ್ಲೋಸ್ ತಿರುಗಿಸ್ರಿ. ರೇಸ್ ಆಗೋ ಕಿಟಕಿ, ಅಂದ್ರ ಆ ಹೊತ್ತು, ಸಣ್ಣದಿದ್ದು ಸಿಗದಿದ್ರ ಟೆಸ್ಟ್ ಬಿಲ್ಡಿನ್ಯಾಗ ಮಾತ್ರ ಟೈಮರ್ ಕಾಲ್‌ಬ್ಯಾಕ್ ಒಳಗ, ಪಾಯಿಂಟರ್ ತಗೊಂಡ ಸಾಲಿಗೂ ಯುಆರ್‌ಬಿ ಕಳಿಸೋ ಸಾಲಿಗೂ ನಡುವೆ ಒಂದು ಎಮ್‌ಡಿಲೇ (ಮಲಗದನ ಕಾಯೋ ಫಂಕ್ಷನ್) ಹಾಕ್ರಿ, ಕಿಟಕಿ ಅಗಲ ಆಗಿ ರೇಸ್ ಎದುರಿಗೆ ಬಂದು ನಿಲ್ತೈತಿ. ಕಾಲ್‌ಬ್ಯಾಕ್ ಒಳಗ ಎಮ್‌ಸ್ಲೀಪ್ ಹಾಕಬ್ಯಾಡ್ರಿ, ಅದು ಓಡೋದು ಸಾಫ್ಟ್‌ಐಆರ್‌ಕ್ಯೂ (ಇಂಟರಪ್ಟಿನ ಬೆನ್ನಿಗೆ ಓಡೋ ಕೋಡ್) ಒಳಗ, ಅಲ್ಲಿ ಮಲಗಂಗಿಲ್ಲ. ಇಲ್ಲೊಂದು ಮಾತು: ಡಿಲೇ ಸೇರಿಸಿದಾಗ ದೋಷ ಮಾಯ ಆದ್ರ ದೋಷ ಹೋತು ಅಂತಲ್ಲ, ಕಿಟಕಿ ಬ್ಯಾರೆ ಕಡೆ ಸರಿದೈತಿ.

ನಡಿಯದ ರಿಪೇರಿ

ಪಾಯಿಂಟರ್ ನಲ್ ಐತೇನು ಅಂತ ಚೆಕ್ ಹಾಕೋದು, ಫ್ರೀ ಆದ ಮ್ಯಾಲ ನಲ್ ಮಾಡೋದು. ಚೆಕ್ ಮಾಡಿದ್ದಕ್ಕೂ ಬಳಸೋದಕ್ಕೂ ನಡುವೆನ ಇನ್ನೊಂದು ಕೋರ್ ಫ್ರೀ ಮಾಡಿದ್ರ ಚೆಕ್ ಯಾತಕ್ಕೂ ಬರಂಗಿಲ್ಲ. ಕೆಫ್ರೀ ಮೊದ್ಲು ಒಂದು ಸೆಕೆಂಡ್ ನಿದ್ದಿ ಹಾಕೋದು, ಇದನ್ನ ಮಾರಾಟಕ್ಕಿಟ್ಟ ಡ್ರೈವರಿನ್ಯಾಗೂ ಕಾಣ್ತೀವಿ, ದಯಮಾಡಿ ಹಾಕಬ್ಯಾಡ್ರಿ. ಎಲ್ಲಕ್ಕಿಂತ ಹೆಚ್ಚು ನಂಬಿಕಿ ಹುಟ್ಟಿಸೋದು ಸ್ಪಿನ್‌ಲಾಕ್ (ಸಿಗೋವರ್ಗೂ ಮಲಗದ ಕಾಯೋ ಲಾಕ್): ಸ್ಟ್ರಕ್ಟ್ ಒಳಗ ಒಂದು ಲಾಕ್ ಇಟ್ಟು, ಟೈಮರಿನ್ಯಾಗೂ ಡಿಸ್‌ಕನೆಕ್ಟಿನ್ಯಾಗೂ ಹಿಡಿಯೋದು. ಲಾಕ್ ಸ್ಟ್ರಕ್ಟಿನ ಒಳಗಿನ ಡೇಟಾ ಕಾಯ್ತೈತಿ, ಸ್ಟ್ರಕ್ಟಿನ ಆಯುಷ್ಯ ಕಾಯಂಗಿಲ್ಲ. ಸ್ಟ್ರಕ್ಟ ಫ್ರೀ ಆದ ಮ್ಯಾಲ ಲಾಕ್ ಎಲ್ಲಿರ್ತೈತಿ? ಅದೂ ಅದ ಸತ್ತ ಮೆಮೊರಿಯಾಗ. ಈ ದೋಷದಾಗ ಕೇಳಬೇಕಾದ ಪ್ರಶ್ನೆ ಯಾರು ಲಾಕ್ ಹಿಡಿದ್ರು ಅನ್ನೋದಲ್ಲ, ಈ ಮೆಮೊರಿ ಇನ್ನೂ ಯಾರ್ಯಾರಿಗೆ ಬೇಕು, ಕೊನೇದಾಗಿ ಬಿಡೋರು ಯಾರು ಅನ್ನೋದು.

ಸರಿಯಾದ ರಿಪೇರಿ

ಎರಡು ಕೆಲಸ. ಒಂದು, ಸ್ಟ್ರಕ್ಟಿಗೆ ಕೆರೆಫ್ (ಇನ್ನೂ ಎಷ್ಟು ಕಡೆ ಬೇಕು ಅನ್ನೋ ಎಣಿಕಿ) ಇಡೋದು: ಪ್ರೋಬ್ ಒಂದು ಪಾಲು, ಪ್ರತಿ ಓಪನ್ ಒಂದೊಂದು ಪಾಲು, ಕ್ಲೋಸಿನ್ಯಾಗ ಒಂದು ಬಿಡೋದು, ಡಿಸ್‌ಕನೆಕ್ಟಿನ್ಯಾಗ ಪ್ರೋಬಿನ ಪಾಲು ಬಿಡೋದು, ಕೊನೀ ಪಾಲು ಹೋದಾಗ ಮಾತ್ರ ಕೆಫ್ರೀ. ಎರಡು, ಡಿಸ್‌ಕನೆಕ್ಟಿನ ಕ್ರಮ. ಇದರಾಗ ಸಾಲು ಹಿಂದುಮುಂದಾದ್ರ ಎಲ್ಲಾ ಕೆಡ್ತೈತಿ, ಹಂಗಾಗಿ ನಿಧಾನಕ್ಕ ಓದ್ರಿ.

ಮೊದ್ಲು ಬಾಗಿಲು ಹಾಕೋದು: ಯುಎಸ್‌ಬಿ ಡಿರಿಜಿಸ್ಟರ್ ಡೆವ್ ಕರದ್ರ ಹೊಸಾ ಓಪನ್ ಬರಂಗಿಲ್ಲ, ಓಪನ್ ಆಗ್ತಿರೋ ಹೊತ್ತಿನ್ಯಾಗ ಅದು ಒಳಗ ನುಗ್ಗಂಗೂ ಇಲ್ಲ, ಯುಎಸ್‌ಬಿ ಕೋರ್ ಅದನ್ನ ತನ್ನ ಸೆಮಫೋರಿನಿಂದ ನೋಡ್ಕೊಳ್ತೈತಿ. ಆಮ್ಯಾಲ ಮ್ಯೂಟೆಕ್ಸ್ ಹಿಡಿದು "ಡಿವೈಸ್ ಹೋಗೈತಿ" ಅನ್ನೋ ಫ್ಲ್ಯಾಗ್ ಎತ್ತಿ, ಮ್ಯೂಟೆಕ್ಸ್ ಬಿಟ್ಟು, ಮಲಗಿರೋ ಓದುಗರನ್ನ ಎಲ್ಲಾ ಎಬ್ಬಿಸೋದು, ಅವ್ರು ಎದ್ದು ಫ್ಲ್ಯಾಗ್ ನೋಡಿ ಈಎನ್‌ಓಡೆವ್ (ಡಿವೈಸ್ ಇಲ್ಲ) ಎರರ್ ತಗೊಂಡು ಹೊರಗ ಹೋಗ್ತಾರ. ಫ್ಲ್ಯಾಗ್ ಮೊದ್ಲು, ಎಬ್ಬಿಸೋದು ಆಮ್ಯಾಲ, ಉಲ್ಟಾ ಆದ್ರ ಎದ್ದವ್ರು ಮತ್ತ ಮಲಗ್ತಾರ.

ಈಗ ಆ ಟೈಮರ್-ಯುಆರ್‌ಬಿ ಸರಪಳಿ. ಬರೀ ಸಿಂಕ್ ಡಿಲೀಟ್ ಹಾಕಿದ್ರ ಸಾಲದು, ಡಿಲೀಟ್ ಮುಗಿದ ಮರುಕ್ಷಣನ ಕಂಪ್ಲೀಶನ್ ಬಂದು ಟೈಮರ್ ಮತ್ತ ಹಚ್ಚಬಹುದು. ಯುಆರ್‌ಬಿ ಕಿಲ್ ಮಾಡಿದ್ರೂ ಅಷ್ಟ, ಕಿಲ್ ಮುಗಿದ ಮ್ಯಾಲ ಮರುಸಬ್ಮಿಟ್ಟಿಗೆ ಅಡ್ಡಿ ಇಲ್ಲ. ಅದಕ್ಕ ಮೊದ್ಲು ಯುಆರ್‌ಬಿ ಪಾಯ್ಸನ್: ಅದು ಓಡ್ತಿರೋದು ಮುಗಿಯೋವರ್ಗೂ ಕಾದು, ಮುಂದ ಯಾರು ಸಬ್ಮಿಟ್ ಮಾಡಿದ್ರೂ ಎರರ್ ಕೊಟ್ಟು ವಾಪಸ್ ಕಳಸ್ತೈತಿ. ಆಮ್ಯಾಲ ಟೈಮರ್ ಶಟ್‌ಡೌನ್ ಸಿಂಕ್, 6.2ರಿಂದ ಬಂದದ್ದು: ಓಡ್ತಿರೋ ಕಾಲ್‌ಬ್ಯಾಕ್ ಮುಗಿಯೋವರ್ಗೂ ಕಾಯ್ತೈತಿ, ಆಮ್ಯಾಲ ಯಾರು ಹಚ್ಚಾಕ ಹೋದ್ರೂ ಹಚ್ಚಿಸ್ಕೊಳ್ಳಂಗಿಲ್ಲ. ಹಳೇ ಕರ್ನಲ್ ಆದ್ರ ಟೈಮರ್ ಹಚ್ಚೋ ಪ್ರತಿ ಜಾಗದಾಗ ಸ್ಪಿನ್‌ಲಾಕ್ ಒಳಗ ಒಂದು ಫ್ಲ್ಯಾಗ್ ನೋಡಿ ಹಚ್ಚಬೇಕು, ಡಿಸ್‌ಕನೆಕ್ಟ್ ಅದ ಲಾಕ್ ಹಿಡಿದು ಫ್ಲ್ಯಾಗ್ ಎತ್ತಿ, ಲಾಕ್ ಬಿಟ್ಟು, ಆಮ್ಯಾಲ ಸಿಂಕ್ ಡಿಲೀಟ್. ಕಂಪ್ಲೀಶನ್ ಇಂಟರಪ್ಟಿನ್ಯಾಗೂ ಓಡಬಹುದು ಅದಕ್ಕ ಆ ಲಾಕನ್ನ ಐಆರ್‌ಕ್ಯೂ-ಸೇವ್ ರೂಪದಾಗ ಹಿಡೀರಿ. ಡ್ರೈವರಿನ್ಯಾಗ ವರ್ಕ್ ಕೂಡ ಇದ್ರ ಟೈಮರ್ ಶಟ್‌ಡೌನ್ ಆದ ಮ್ಯಾಲ ಕ್ಯಾನ್ಸಲ್ ವರ್ಕ್ ಸಿಂಕ್.

ಸಿಂಕ್ ಅಂತ ಹೆಸರಿರೋ ಯಾವುದನ್ನೂ, ಕಾಲ್‌ಬ್ಯಾಕ್ ಹಿಡಿಯೋ ಲಾಕನ್ನ ಕೈಯಾಗ ಇಟ್ಕೊಂಡು ಕರೀಬ್ಯಾಡ್ರಿ. ಇವ್ರು ಅದನ್ನ ಕಾಯ್ತಾರ, ಅದು ಇವ್ರನ್ನ ಕಾಯ್ತೈತಿ, ಪಿಸಿ ಮತ್ತ ಫ್ರೀಜ್, ಈ ಸಲ ಡೆಡ್‌ಲಾಕಿನಿಂದ.

ಎಲ್ಲಾ ಆದ ಮ್ಯಾಲ ಕೊನೀಗೆ ಕೆರೆಫ್ ಪುಟ್, ಅಂದ್ರ ಪ್ರೋಬಿನ ಪಾಲು ಬಿಡೋದು. ಮಾದರಿ ನೋಡಬೇಕಂದ್ರ ಕರ್ನಲ್ ಸೋರ್ಸಿನ್ಯಾಗ ಯುಎಸ್‌ಬಿ ಸ್ಕೆಲಿಟನ್ ಅನ್ನೋ ಫೈಲ್ ಐತಿ, ಡ್ರೈವರ್ ಬರಿಯೋರಿಗಂತನ ಇಟ್ಟದ್ದು, ಕೆರೆಫ್ ಮತ್ತ ಡಿಸ್‌ಕನೆಕ್ಟ್ ಫ್ಲ್ಯಾಗ್ ಅದರಾಗ ಚಂದಾಗಿ ಕಾಣ್ತಾವ. ಅದಕ್ಕಿಂತ ಚಲೋ ದಾರಿ, ಡಿವೈಸ್ ಒಳಗಿರೋದು ಬರೀ ಸೀರಿಯಲ್ ಡೇಟಾ ಆದ್ರ ಇಡೀ ಡ್ರೈವರನ್ನ ಯುಎಸ್‌ಬಿ-ಸೀರಿಯಲ್ ಫ್ರೇಮ್‌ವರ್ಕ್ ಮ್ಯಾಲ ಬರಿಯೋದು, ಆಯುಷ್ಯದ ಲೆಕ್ಕ ಹೆಚ್ಚಿನದೆಲ್ಲಾ ಅದ ನೋಡ್ಕೊಳ್ತೈತಿ. ಆದ್ರ ಫ್ರೇಮ್‌ವರ್ಕ್ ಒಳಗೂ ತಪ್ಪು ಇರಂಗಿಲ್ಲ ಅಂತಿಲ್ಲ: ಸೀರಿಯಲ್, ಟರ್ಮಿನಲ್ ನೋಡ್ಕೊಳ್ಳೋ ಟಿಟಿವೈ ಪದರಿನ ಎನ್-ಎಚ್‌ಡಿಎಲ್‌ಸಿ ಡ್ರೈವರಿನ್ಯಾಗ ರೇಸಿನಿಂದ ಡಬಲ್ ಫ್ರೀ ಆಗೋ ದೋಷ 2009ರಿಂದ ಇದ್ದು 2017ರಾಗ ಸಿಕ್ತು, ಅದರ ದೋಷ ನಂಬರ್ ಸಿವಿಇ-2017-2636. ಮಾಮೂಲಿ ಯೂಸರ್ ರೂಟ್ (ಪೂರಾ ಅಧಿಕಾರ ಇರೋ ಯೂಸರ್) ಆಗಾಕ ಅದು ದಾರಿ ಕೊಡ್ತಿತ್ತು. ಮಿಲ್ಲಿನ ಪಿಸಿ ಯಾರು ಹ್ಯಾಕ್ ಮಾಡ್ತಾರ ಅನ್ನಬ್ಯಾಡ್ರಿ, ತೂಕ ತಿದ್ದಬೇಕನ್ನೋರಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಸರಿ ಆತು ಅಂತ ಯಾವಾಗ ಹೇಳಬಹುದು

ಎಮ್‌ಡಿಲೇ ಇಟ್ಕೊಂಡ ಅದ ಎರಡು ಲೂಪ್ ರಾತ್ರಿ ಪೂರಾ ಓಡಿಸ್ರಿ. ಕಾಸಾನ್, ಡೀಬಗ್ ಆಬ್ಜೆಕ್ಟ್ಸ್, ಲಾಕ್‌ಡೆಪ್ ಮೂರೂ ಸುಮ್ನಿರಬೇಕು. ಫ್ಲ್ಯಾಗನ್ನ ಲಾಕ್ ಇಲ್ಲದ ಎಲ್ಲಾದ್ರೂ ಓದ್ತಿದ್ರ ಕೆಸಿಸಾನ್ (ಡೇಟಾ ರೇಸ್ ಹಿಡಿಯೋ ಟೂಲ್) ಹಾಕಿದ ಬಿಲ್ಡ್ ಒಂದು ಮಾಡಿ ನೋಡ್ರಿ, 5.8ರಿಂದ ಐತಿ, ಕಾಸಾನ್ ಜೊತಿಗೆ ಒಂದ ಬಿಲ್ಡಿನ್ಯಾಗ ಕೂಡಂಗಿಲ್ಲ, ಬ್ಯಾರೆ ಬಿಲ್ಡ್ ಬೇಕು. ಇನ್ನೊಂದನ್ನ ಜನ ಮರೀತಾರ, ಮೆಮೊರಿ ನಿಜವಾಗ್ಲೂ ಫ್ರೀ ಆಗ್ತೈತೇನು ಅಂತ ನೋಡೋದು. ಒಂದು ಪುಟ್ ಬಿಟ್ಟುಹೋಗಿದ್ರ ಯೂಸ್-ಆಫ್ಟರ್-ಫ್ರೀ ಖಂಡಿತ ಬರಂಗಿಲ್ಲ, ಯಾಕಂದ್ರ ಫ್ರೀನ ಆಗಂಗಿಲ್ಲ, ಪ್ರತಿ ಸಲ ಕರೆಂಟ್ ಮಿಣುಕಿದಾಗ ಒಂದೊಂದು ಸ್ಟ್ರಕ್ಟ್ ಸೋರ್ತಾ ಹೋಗ್ತೈತಿ. ಸೋರಿದ ಮೆಮೊರಿ ಹುಡುಕೋ ಕೆಮೆಮ್‌ಲೀಕ್ ಹಚ್ಚಿ ಸ್ಕ್ಯಾನ್ ಮಾಡ್ರಿ, ಇಲ್ಲಾ ರಿಲೀಸ್ ಫಂಕ್ಷನ್ನಿನ್ಯಾಗ ಒಂದು ಪ್ರಿಂಟ್ ಹಾಕಿ ಪ್ರೋಬಿನ ಲೆಕ್ಕಕ್ಕ ಸರಿ ಬರ್ತೈತೇನು ತಾಳೆ ನೋಡ್ರಿ.

ಅಲ್ಲೀವರ್ಗೂ ಮಿಲ್ಲಿನ್ಯಾಗ ಇಂಡಿಕೇಟರ್ ಮತ್ತ ಕನ್ವರ್ಟರನ್ನೂ ಪಿಸಿಯ ಯುಪಿಎಸ್ ಮ್ಯಾಲ ಹಾಕಿಸಿಬಿಡ್ರಿ. ರೋಗ ಹೋಗಂಗಿಲ್ಲ, ಆದ್ರ ಡಿಸ್‌ಕನೆಕ್ಟ್ ಕಡಿಮಿ ಆಗ್ತಾವ. ಡಿಸ್‌ಕನೆಕ್ಟ್ ಆದ ಮ್ಯಾಲ ರೀಬೂಟ್ ಮಾಡೋವರ್ಗೂ ಸ್ಲಿಪ್ ಕೊಡಬ್ಯಾಡ್ರಿ ಅಂತ ಕಾಟಾದವ್ರಿಗೆ ಹೇಳಿಡ್ರಿ.

ಪ್ಯಾಚ್ ತಯಾರಾದ ಮ್ಯಾಲ ಡಿಕೆಎಮ್‌ಎಸ್ (ಹೊಸಾ ಕರ್ನಲ್ ಬಂದಾಗ ಹೊರಗಿನ ಮಾಡ್ಯೂಲ್ ತಾನಾಗೇ ಬಿಲ್ಡ್ ಮಾಡೋ ಟೂಲ್) ಸ್ಟೇಟಸ್ ನೋಡಿ ಹಳೇ ವರ್ಷನ್ ಪೂರಾ ತೆಗೀರಿ, ಉಳಿದಿದ್ರ ಮುಂದಿನ ಕರ್ನಲ್ ಅಪ್‌ಡೇಟಿನ್ಯಾಗ ಹಳೇ ಸೋರ್ಸ್ ಮತ್ತ ಬಿಲ್ಡ್ ಆಗಿ ಕುಂದರ್ತೈತಿ. ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟಿನ ಮೊದಲಿಗೆ ಲೋಡ್ ಆಗೋ ಸಣ್ಣ ಫೈಲ್ ಸಿಸ್ಟಮ್) ಒಳಗ ಹಳೇ ಮಾಡ್ಯೂಲ್ ಇದ್ರ ಅದನ್ನೂ ಹೊಸದಾಗಿ ಕಟ್ಟಿ, ರೀಬೂಟ್ ಆದ ಮ್ಯಾಲ ಸಿಸ್‌ಎಫ್‌ಎಸ್‌ನ್ಯಾಗ ಲೋಡ್ ಆದ ಮಾಡ್ಯೂಲಿನ ಸೋರ್ಸ್ ವರ್ಷನ್ನೂ ಮೋಡ್‌ಇನ್ಫೋ ಹೇಳೋದೂ ಒಂದ ಐತೇನು ತಾಳೆ ನೋಡ್ರಿ. ಅದ ಇಂಡಿಕೇಟರ್ ಇರೋ ಬ್ಯಾರೆ ಮಿಲ್ಲಿನವ್ರಿಗೂ ಪ್ಯಾಚ್ ಕಳಿಸ್ರಿ, ಮಾರಿದವ್ರಿಗೂ ಮೂರೂ ಸ್ಟ್ಯಾಕ್ ಸಮೇತ ಬರೀರಿ.